ಹೆಂಡತಿ ತಾನಿರುವ ಊರಲ್ಲೇ ಅರ್ಜಿ ಹಾಕಬಹುದು

ಸಂಪಾದಕರೇ,

ಡಿವೋರ್ಸ್ ಕೇಸು ಹಾಕಲು ಮದುವೆಯಾದ ಊರಿಗೇ ಹೋಗಬೇಕು ಅಂತ ಈಗಲೂ ಎಷ್ಟೋ ಹೆಣ್ಣುಮಕ್ಕಳು ನಂಬಿದ್ದಾರೆ. ನಮ್ಮ ಪಕ್ಕದ ಮನೆಯ ಹುಡುಗಿ, ತವರು ಬೆಂಗಳೂರಲ್ಲೇ ಇದ್ದರೂ, ಮದುವೆ ಬೀದರಿನಲ್ಲಿ ಆಗಿದ್ದಕ್ಕೆ ಕೈಗೂಸನ್ನು ಎತ್ತಿಕೊಂಡು ರಾತ್ರಿ ಬಸ್ಸಿಗೆ ಹೊರಟಿದ್ದಳು. ಬೇಕಾಗಿಲ್ಲ! ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ತಂದ ತಿದ್ದುಪಡಿಯಂತೆ ಹೆಂಡತಿ ತಾನು ವಾಸವಿರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು, ಅಂದರೆ ಇವಳಿಗೆ ಬೆಂಗಳೂರಿನ ಸಿದ್ದಯ್ಯ ರಸ್ತೆಯಲ್ಲಿ ಕೌಟುಂಬಿಕ ನ್ಯಾಯಾಲಯವಿರುವ ನ್ಯಾಯದೇಗುಲವೇ ಸಾಕು. ಮದುವೆಯಾಗಿ ಒಂದು ವರ್ಷ ತುಂಬಿರಬೇಕು, ನಿಜ. ಆದರೆ ತೀರಾ ಕಷ್ಟವಿದ್ದರೆ ಅದಕ್ಕೂ ಮೊದಲೇ ಕೋರ್ಟಿನ ಅನುಮತಿ ಕೇಳಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ, ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡಬೇಕು. ಇಷ್ಟನ್ನು ಪ್ರತಿ ಅಂಗನವಾಡಿಯ ಗೋಡೆ ಮೇಲೆ ದೊಡ್ಡದಾಗಿ ಬರೆಸಬಹುದಲ್ವಾ?

– ಒಬ್ಬ ಓದುಗರು, ಬೆಂಗಳೂರು