ಲೆಕ್ಕಕ್ಕೆ ಮೊದಲು ಮಾತು: ಮಗಳಿಗೊಂದು ಪತ್ರ

ಪ್ರೀತಿಯ ಕೂಸೇ,

ಐದನೇ ತರಗತಿಯ ಮಕ್ಕಳು ಕೂಡುವುದು, ಕಳೆಯುವುದನ್ನು ಸರಸರನೆ ಮಾಡುತ್ತಾರೆ, ಅದನ್ನೇ ವಾಕ್ಯದಲ್ಲಿ ಕೊಟ್ಟರೆ ಪೆನ್ಸಿಲ್ ಕಚ್ಚುತ್ತಾ ಕುಳಿತುಬಿಡುತ್ತಾರೆ ಎಂದು ಬರೆದಿದ್ದೀಯ. ಇವರಿಗೆ ಗಣಿತ ಕಲಿಸಬೇಕೋ ಕನ್ನಡ ಕಲಿಸಬೇಕೋ ಎಂದು ಕೇಳಿದ್ದೀಯ. ಎರಡನ್ನೂ ಕಲಿಸಬೇಕು, ಅದೂ ಒಂದೇ ಪಿರಿಯಡ್ಡಿನಲ್ಲಿ. ಶಿರಸಿ ಸೀಮೆಯ ಶಾಲೆಗಳಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಮಕ್ಕಳ ಲೆಕ್ಕ ಬಹಳ ಸಲ ಎಡವುವುದು ಅಂಕಿಯ ಸುತ್ತಲಿನ ಮಾತಿನಲ್ಲಿ ಎಂಬುದು ನನ್ನ ಗಟ್ಟಿ ನಂಬಿಕೆ.

ನಿನ್ನ ಶಾಲೆ ಇರುವುದು ಕಾರವಾರದಿಂದ ಕಾಳಿ ನದಿಯ ಆಚೆ, ಸದಾಶಿವಗಡದ ಕಡೆಯಲ್ಲಿ. ಅಲ್ಲಿಯ ಮಕ್ಕಳ ಮನೆಮಾತು ಕೊಂಕಣಿ. ಕನ್ನಡದಲ್ಲಿ 25ನ್ನು ಇಪ್ಪತ್ತೈದು ಎನ್ನುತ್ತೇವೆ; ಹತ್ತರ ಲೆಕ್ಕ ಮೊದಲು, ಬಿಡಿ ಆಮೇಲೆ. ಬರೆಯುವ ಕ್ರಮವೂ ಅದೇ. ಕೊಂಕಣಿಯ ‘ಪಂಚವೀಸ’ದಲ್ಲಿ ಐದು ಮೊದಲು ಬರುತ್ತದೆ, ಇಪ್ಪತ್ತು ಆಮೇಲೆ. ಮನೆಯಲ್ಲಿ ಹಾಗೆ ಕೇಳಿ ಬೆಳೆದ ಮಗು ನೀನು ಹೇಳಿದ ಸಂಖ್ಯೆಯನ್ನು ತಿರುಗಿಸಿ 52 ಎಂದು ಬರೆದರೆ, ಅದಕ್ಕೆ ಸ್ಥಾನಬೆಲೆ ತಿಳಿದಿಲ್ಲವೆಂದು ಅವಸರದಲ್ಲಿ ತೀರ್ಮಾನಿಸಬೇಡ. ಎರಡೂ ಭಾಷೆಗಳಲ್ಲಿ ಸಂಖ್ಯೆಯನ್ನು ಹೇಳಿಸು, ಕಡ್ಡಿಗಳ ಕಂತೆ ಕಟ್ಟಿಸಿ ತೋರಿಸಲು ಹೇಳು. ಆಗ ತೊಡಕು ಕಿವಿಯದೋ ತಿಳಿವಳಿಕೆಯದೋ ಎಂಬುದು ನಿನಗೇ ಗೊತ್ತಾಗುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಕಾರವಾರದ ಮಾತಷ್ಟೇ ಅಲ್ಲ. ಭಟ್ಕಳದ ನವಾಯತಿ ಮಾತಾಡುವ ಮನೆಗಳ ಮಕ್ಕಳು, ಹಳಿಯಾಳದ ಮರಾಠಿ ಮಕ್ಕಳು, ಅಂಕೋಲಾ ಕುಮಟಾ ಕಡೆಯ ಹಾಲಕ್ಕಿ ಮಕ್ಕಳು, ಇಲ್ಲಿಯ ಹವ್ಯಕರ ಮಕ್ಕಳು, ಯಾರ ಮನೆಯಲ್ಲೂ ಪಠ್ಯಪುಸ್ತಕದ ಕನ್ನಡವನ್ನು ಮಾತನಾಡುವುದಿಲ್ಲ.

ಪುಸ್ತಕದ ಕನ್ನಡದಲ್ಲೂ ತೊಡಕುಗಳಿವೆ. ‘12ರಿಂದ 3ನ್ನು ಕಳೆ’ ಎನ್ನುತ್ತೇವೆ. ಮರುದಿನವೇ ‘12ನ್ನು 3ರಿಂದ ಭಾಗಿಸು’ ಎನ್ನುತ್ತೇವೆ. ಕಳೆಯುವಾಗ ‘ಇಂದ’ ಅಂಟಿಕೊಳ್ಳುವುದು ದೊಡ್ಡ ಸಂಖ್ಯೆಗೆ, ಭಾಗಿಸುವಾಗ ಭಾಜಕಕ್ಕೆ. ನಮಗೆ ರೂಢಿಯಾಗಿ ಕಣ್ಣಿಗೇ ಬೀಳುವುದಿಲ್ಲ. ಕನ್ನಡವನ್ನು ಶಾಲೆಯಲ್ಲೇ ಮೊದಲು ಕೇಳಿದ ಮಗುವಿಗೆ ಇದು ದೊಡ್ಡ ಗೋಜಲು. ‘12 ಬಿಸ್ಕತ್ತನ್ನು 3 ಜನರಿಗೆ ಸಮನಾಗಿ ಹಂಚು’ ಎಂದು ಹೇಳಿಸಿ, ಮಾಡಿಸಿ, ಆಮೇಲೆ ‘ಭಾಗಿಸು’ ಎಂಬ ಶಬ್ದಕ್ಕೆ ಬಾ.

ಇನ್ನು ನಿಮ್ಮ ತರಗತಿಯ ಗೋಡೆಯ ಮೇಲಿರುವ ಆ ಪಟ್ಟಿ. ‘ಹೆಚ್ಚು ಎಂದರೆ ಕೂಡು, ಉಳಿದದ್ದು ಎಂದರೆ ಕಳೆ’. ಅದನ್ನು ದಯವಿಟ್ಟು ನಾಳೆಯೇ ತೆಗೆದುಬಿಡು. ಈ ಲೆಕ್ಕ ನೋಡು: ‘ಗಣಪತಿಗೆ 48 ಬಂಗುಡೆ ಸಿಕ್ಕಿದವು. ಅದು ನಾಗೇಶನಿಗೆ ಸಿಕ್ಕಿದ್ದಕ್ಕಿಂತ 15 ಹೆಚ್ಚು. ನಾಗೇಶನಿಗೆ ಸಿಕ್ಕಿದ್ದೆಷ್ಟು?’ ಪಟ್ಟಿಯನ್ನು ನಂಬಿದ ಮಗು ‘ಹೆಚ್ಚು’ ಕಂಡಕೂಡಲೇ 63 ಎಂದು ಬರೆಯುತ್ತದೆ. ಅಂಕಿ ಬಿಟ್ಟು ಬರೀ ಕಥೆ ಹೇಳಿಸಿದರೆ ಅದೇ ಮಗು, ‘ಗಣಪತಿಗೆ ಜಾಸ್ತಿ ಸಿಕ್ಕಿದೆ, ನಾಗೇಶನಿಗೆ ಕಡಿಮೆ’ ಎನ್ನುತ್ತದೆ. ಅಲ್ಲಿಂದ 33ಕ್ಕೆ ಹೋಗಲು ಅದಕ್ಕೆ ನಿನ್ನ ಸಹಾಯ ಹೆಚ್ಚು ಬೇಕಾಗುವುದಿಲ್ಲ. ಆದ್ದರಿಂದ ಲೆಕ್ಕ ಬರೆಸುವ ಮೊದಲು, ಯಾರ ಬಳಿ ಹೆಚ್ಚಿದೆ, ಏನು ಗೊತ್ತಿದೆ, ಏನನ್ನು ಕೇಳಿದ್ದಾರೆ ಎಂದು ಹೇಳಿಸು. ಕೊಂಕಣಿಯಲ್ಲಿ ಹೇಳಿದರೂ ಆಗಲಿ. ನಿನಗೆ ಅರ್ಥವಾಗದಿದ್ದರೆ ಪಕ್ಕದ ಮಗು ಕನ್ನಡದಲ್ಲಿ ಹೇಳುತ್ತದೆ. ಆ ಹೇಳುವಿಕೆಯಲ್ಲಿ ಇಬ್ಬರೂ ಕಲಿಯುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಬೋಧನೆ ಇರಬೇಕೆನ್ನುತ್ತದೆ. ಯಾರಾದರೂ ಆಕ್ಷೇಪ ಎತ್ತಿದರೆ ಅದನ್ನು ನೆನಪಿಸು.

ಪ್ರಶ್ನೆ ಕೇಳಿದ ಮೇಲೆ ಕಾಯಬೇಕು, ಕೂಸೇ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ ವಿಜ್ಞಾನದ ತರಗತಿಗಳನ್ನು ಗಮನಿಸಿ 1970ರ ದಶಕದಲ್ಲಿ ಬರೆದದ್ದು ಇದು: ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಕಾಯುತ್ತಿದ್ದದ್ದು ಒಂದು ಸೆಕೆಂಡಿನಷ್ಟು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು. ನಿನ್ನ ಮಕ್ಕಳು ಒಂದು ಭಾಷೆಯಲ್ಲಿ ಕೇಳಿ ಇನ್ನೊಂದರಲ್ಲಿ ಯೋಚಿಸಿ ಮತ್ತೆ ಮೊದಲಿನದಕ್ಕೆ ಮರಳಬೇಕು. ಅವರಿಗೆ ಇನ್ನೂ ಹೆಚ್ಚು ಸಮಯ ಕೊಡು.

ನಿನ್ನ ಮಾತಿನ ಮೇಲೂ ನಿಗಾ ಇರಲಿ. ‘ಹತ್ತರಿಂದ ಗುಣಿಸಿದರೆ ಒಂದು ಸೊನ್ನೆ ಸೇರಿಸು’ ಎಂದು ಇವತ್ತು ಹೇಳಿದರೆ, ಮುಂದೆ 2.5ನ್ನು ಹತ್ತರಿಂದ ಗುಣಿಸುವಾಗ ಮಗು 2.50 ಎಂದು ಬರೆಯುತ್ತದೆ. ಟೀಚರ್ ಬಾಯಿಂದ ಬಂದದ್ದನ್ನು ಮಕ್ಕಳು ಬಹಳ ಕಾಲ ಬಿಡುವುದಿಲ್ಲ.

ಹಾಗೆಂದು ಅಂಶ, ಛೇದ ಎಂಬ ಶಬ್ದಗಳನ್ನಾಗಲಿ ಸಮ ಚಿಹ್ನೆಯನ್ನಾಗಲಿ ಕೈಬಿಡು ಎನ್ನುತ್ತಿಲ್ಲ. ಅವು ಬೇಕೇ ಬೇಕು. ಆದರೆ ಮಾತು ಹಿಂದೆ ಬಿದ್ದು ಚಿಹ್ನೆ ಮುಂದೆ ಓಡಬಾರದು. 12ನೇ ಶತಮಾನದಲ್ಲಿ ರಾಜಾದಿತ್ಯ ಗಣಿತವನ್ನು ಕನ್ನಡದಲ್ಲಿ ಪದ್ಯ ಗದ್ಯಗಳಲ್ಲೇ ಬರೆದ. ಇವತ್ತಿನ ಸಮ ಚಿಹ್ನೆಯನ್ನು 1557ರಲ್ಲಿ ಮೊದಲು ಅಚ್ಚಿಗೆ ತಂದವನು ವೇಲ್ಸ್ ಮೂಲದ ಗಣಿತಜ್ಞ ರಾಬರ್ಟ್ ರೆಕಾರ್ಡ್. ‘ಇದಕ್ಕೆ ಸಮ’ ಎಂದು ಮತ್ತೆ ಮತ್ತೆ ಬರೆಯುವುದನ್ನು ತಪ್ಪಿಸಲು ಎರಡು ಸಮಾನಾಂತರ ಗೆರೆಗಳನ್ನು ಹಾಕಿದ, ಅವಕ್ಕಿಂತ ಸಮನಾದದ್ದು ಇನ್ನೊಂದಿಲ್ಲ ಎಂದ. ವಿದ್ವಾಂಸರು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಅವನು ಜನರ ಇಂಗ್ಲಿಷಿನಲ್ಲಿ, ಗುರು ಶಿಷ್ಯರ ಸಂಭಾಷಣೆಯಾಗಿ ಗಣಿತ ಬರೆದವನು. ಸಾಕಷ್ಟು ಸಲ ವಾಕ್ಯವನ್ನು ಹೇಳಿದ ಮೇಲೆ ಚಿಹ್ನೆ ಸಿಕ್ಕರೆ ನಿನ್ನ ಮಕ್ಕಳಿಗೂ ಅದು ತಮಗೆ ಅನುಕೂಲದ್ದು ಎನಿಸುತ್ತದೆ. 8 + 4 = □ + 5 ಎಂದು ಬರೆದು ಕೇಳಿ ನೋಡು. ಪೆಟ್ಟಿಗೆಯಲ್ಲಿ 12 ಎಂದು ಬರೆದವರಿಗೆ ಆ ಚಿಹ್ನೆ ಇನ್ನೂ ‘ಉತ್ತರ ಬರೆ’ ಎಂಬ ಅಪ್ಪಣೆಯಾಗಿಯೇ ಉಳಿದಿದೆ.

ಈ ವಾರ ಒಂದು ಕೆಲಸ ಮಾಡು. 48 ಮತ್ತು 15 ಎಂಬ ಎರಡು ಸಂಖ್ಯೆ ಕೊಟ್ಟು, ಉತ್ತರ 33 ಬರುವಂಥ ಲೆಕ್ಕವನ್ನು ಪ್ರತಿ ಮಗುವೂ ತಾನೇ ಕಟ್ಟಲಿ. ಮೀನು ಪೇಟೆಯದು, ಬಸ್ಸಿನದು, ಅಜ್ಜಿ ಮನೆಯದು, ಏನಾದರೂ ಆಗಲಿ. ಅವುಗಳ ಫೋಟೊ ತೆಗೆದು ನನಗೆ ಕಳುಹಿಸು, ಕೊಂಕಣಿಯಲ್ಲಿ ಬರೆದವುಗಳನ್ನೂ.

ನಿನ್ನ,
ಆಯಿ