ನಮ್ಮೂರಿನ ಬಿಸಿಲನ್ನು ಬಿಡಿ, ಕೂಲರ್ ನೋಡಿ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಬೆಂಗಳೂರು

ವಿಷಯ: ಡೆಸ್ಕ್‌ಟಾಪ್ ವಿಪರೀತ ಕಾಯುತ್ತಿರುವುದು, ಫ್ಯಾನ್ ಸದ್ದು ಮತ್ತು ವಾರಂಟಿ ನಿರಾಕರಿಸಿದ ಬಗ್ಗೆ

ಮಾನ್ಯರೇ,

ನೀವು ಜೋಡಿಸಿ ಕಳಿಸಿದ ಡೆಸ್ಕ್‌ಟಾಪನ್ನು ಫೆಬ್ರವರಿಯಲ್ಲಿ ಕೊಂಡೆ. ಇಂಟೆಲ್ ಐ5-12400 ಪ್ರೊಸೆಸರ್, ಅದನ್ನು ತಂಪಾಗಿಡಲು ಅದರ ಬಾಕ್ಸಿನಲ್ಲೇ ಬರುವ ಕೂಲರ್, ಕ್ಯಾಬಿನೆಟ್ಟಿಗೆ ಮೂರು ಫ್ಯಾನ್. ರಾಯಚೂರಿನಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಮದುವೆ ಆಲ್ಬಂ, ವಿಡಿಯೊ ಎಡಿಟಿಂಗ್ ಎಲ್ಲ ಈ ಒಂದು ಸಿಸ್ಟಮ್‌ನಲ್ಲೇ ಆಗಬೇಕು.

ಎಡಿಟ್ ಮಾಡಿದ ವಿಡಿಯೊ ಸಿದ್ಧವಾಗಲಿ ಅಂತ ರೆಂಡರ್‌ಗೆ ಹಾಕಿದರೆ ಸಾಕು, ನಿಮಿಷದೊಳಗೆ ಪ್ರೊಸೆಸರ್ 100 ಡಿಗ್ರಿ ಮುಟ್ಟುತ್ತದೆ. ಈ ಚಿಪ್‌ನ ಗಡಿಯೇ ಅದು. ಅಲ್ಲಿಗೆ ಬಂದ ಮೇಲೆ ಸುಟ್ಟುಹೋಗದಿರಲಿ ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕೆಲಸ ಹೆಚ್ಚಾದಾಗ ತಾನೇ ವೇಗ ಏರಿಸಿಕೊಳ್ಳುವ ಟರ್ಬೊದಲ್ಲಿ 4.4 ಗಿಗಾಹರ್ಟ್ಸ್‌ವರೆಗೆ ಏರಬಹುದು ಅಂತಾರೆ, ಅದು ಬೇಡ ಬಿಡಿ. ಮೂಲ ವೇಗ 2.5 ಇದೆಯಲ್ಲ, ಅದೂ ಸಿಗುತ್ತಿಲ್ಲ. ಕೂಲರ್‌ನ ಫ್ಯಾನ್ ಮಾತ್ರ ನಿಮಿಷಕ್ಕೆ 3000 ಸುತ್ತು ದಾಟಿ ಕಿರುಚುತ್ತಿರುತ್ತದೆ. ಗಿರಾಕಿಗಳನ್ನು ಕೂರಿಸಿಕೊಂಡು ಫೋಟೊ ಆರಿಸುವಾಗ ಕೂಗಿ ಮಾತಾಡಬೇಕು.

ಇದಕ್ಕೆ ನಿಮ್ಮ ಸರ್ವಿಸ್‌ನವರು ಕೊಟ್ಟ ಉತ್ತರ, “ರಾಯಚೂರು ಅಲ್ವಾ ಸರ್, ಬಿಸಿಲು ಜಾಸ್ತಿ.” ಬಿಸಿಲು ಜಾಸ್ತಿಯೇ, ಯಾರು ಇಲ್ಲ ಅಂದರು? ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಆದರೆ ಕೋಣೆ 15 ಡಿಗ್ರಿ ಹೆಚ್ಚು ಕಾದರೆ ಚಿಪ್ಪೂ ಹೆಚ್ಚುಕಮ್ಮಿ ಅಷ್ಟೇ ಹೆಚ್ಚು ಕಾಯಬೇಕು. ನನ್ನ ಎಡಿಟಿಂಗ್ ಕೋಣೆಯಲ್ಲಿ ಎಸಿ ಇದೆ. ರಾತ್ರಿ 26ಕ್ಕೆ ಇಟ್ಟು ನೋಡಿದರೂ ಅದೇ 100. ಹಾಗಾದರೆ ಬಿಸಿಲಿನ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ಹೇಗೆ?

ಆಮೇಲೆ ನಿಮ್ಮ ಟೆಕ್ನಿಷಿಯನ್ ವಿಡಿಯೊ ಕಾಲ್‌ನಲ್ಲಿ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆಸಿದರು. ತೆಗೆದರೂ ಒಂದು ಡಿಗ್ರಿ ಇಳಿಯಲಿಲ್ಲ. ಸ್ಕ್ರೀನ್ ಮೇಲೆ 100 ಕಾಣುತ್ತಿದೆ, ಕೂಲರ್‌ನ ಅಲ್ಯೂಮಿನಿಯಂ ಪಟ್ಟಿ ಮುಟ್ಟಿದರೆ ಬರೀ ಉಗುರುಬೆಚ್ಚಗೆ! ಚಿಪ್ಪಿನ ಶಾಖ ಕೂಲರ್‌ಗೆ ಹತ್ತುತ್ತಲೇ ಇಲ್ಲ ಅಂತ ಅರ್ಥ ತಾನೇ? ಈ ಕೂಲರ್ ನಿಲ್ಲುವುದೇ ಬೋರ್ಡಿಗೆ ಒತ್ತಿ ಕೂರಿಸುವ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳ ಮೇಲೆ. ಮೇಲಿನ ಎಡಗಡೆ ಪಿನ್ ಬೆರಳು ತಾಗಿದರೆ ಅಲ್ಲಾಡುತ್ತದೆ. ಟೆಕ್ನಿಷಿಯನ್ ಅದನ್ನು ಕಣ್ಣಾರೆ ನೋಡಿ “ಫಿಟ್ಟಿಂಗ್ ಸರಿ ಇಲ್ಲ” ಅಂದರು. ಪಾಪ, ಅವರೊಬ್ಬರು ನಿಜ ಹೇಳಿದರು.

ಕ್ಯಾಬಿನೆಟ್ ಫ್ಯಾನ್‌ಗಳದ್ದು ಇನ್ನೊಂದು ಕಥೆ. ಮೂರೂ 3 ಪಿನ್‌ನವು. ಇಂಥವಕ್ಕೆ ವೋಲ್ಟೇಜ್ ಇಳಿಸಿದರೆ ಮಾತ್ರ ವೇಗ ಇಳಿಯುವುದು. ನೀವು ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ನಲ್ಲಿ, ವೋಲ್ಟೇಜ್ ಇಳಿಸದೆ 4 ಪಿನ್ ಫ್ಯಾನ್‌ಗೆ ಸಂಕೇತ ಕಳಿಸಿ ವೇಗ ಹಿಡಿಯುವ ಪಿಡಬ್ಲ್ಯುಎಂ ಮೋಡ್‌ಗೆ ಇಟ್ಟು ಕಳಿಸಿದ್ದೀರಿ. ಹಾಗಾಗಿ ಸದಾ 12 ವೋಲ್ಟ್ ಹೋಗಿ, ಸುಮ್ನೆ ಒಂದು ಪತ್ರ ಟೈಪ್ ಮಾಡುವಾಗಲೂ ಫುಲ್ ಸ್ಪೀಡಿನಲ್ಲೇ ತಿರುಗುತ್ತವೆ. ಸಾಲದ್ದಕ್ಕೆ ಮುಂದಿನ ಫ್ಯಾನನ್ನು ತಿರುವಿ ಕೂರಿಸಿದ್ದೀರಿ. ಎದುರಿಗೆ ಕಾಗದ ಹಿಡಿದರೆ ಒಳಕ್ಕೆ ಎಳೆಯುವ ಬದಲು ಹೊರಕ್ಕೆ ತಳ್ಳುತ್ತದೆ. ಉಳಿದೆರಡರ ಜೊತೆ ಇದೂ ಸೇರಿ ಮೂರೂ ಗಾಳಿಯನ್ನು ಹೊರಗೆ ನೂಕಿದರೆ ಒಳಗೆ ಬರುವ ಗಾಳಿ ಸಂದಿಗೊಂದಿಯಿಂದಲೇ, ನಮ್ಮೂರಿನ ಧೂಳನ್ನೂ ಜೊತೆಗೆ ಕರೆದುಕೊಂಡು.

ಇಷ್ಟಾದ ಮೇಲೆ ನಿಮ್ಮ ಆಫೀಸಿನಿಂದ ಇಮೇಲ್ ಬಂತು. ಬಾಗಿಲಿನ ಸೀಲ್ ಒಡೆದಿದೆ, ವಾರಂಟಿ ಹೋಯಿತು ಅಂತ. ಒಡೆಯಿರಿ ಅಂದವರು ನಿಮ್ಮವರೇ. ಆ ಕಾಲ್‌ಗೆ ಮುಂಚೆ ಅವರು ವಾಟ್ಸಾಪ್‌ನಲ್ಲಿ ಕಳಿಸಿದ “ಸ್ಟಿಕ್ಕರ್ ಕಿತ್ತು ಬಾಗಿಲು ತೆಗೆದಿಡಿ” ಅನ್ನುವ ಮೆಸೇಜ್ ನನ್ನ ಹತ್ತಿರ ಇದೆ. ಅದರ ಫೋಟೊ ಲಗತ್ತಿಸಿದ್ದೇನೆ.

ನಾನು ಹಣ ವಾಪಸ್ ಕೇಳುತ್ತಿಲ್ಲ. ರಾಯಚೂರಿಗೇ ಒಬ್ಬರನ್ನು ಕಳಿಸಿ, ಚಿಪ್ಪಿನ ಶಾಖವನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿ ಕೂಲರ್ ಸರಿಯಾಗಿ ಕೂರಿಸಿ. ಪಿನ್ ಮುರಿದಿದ್ದರೆ ಕೂಲರನ್ನೇ ಬದಲಿಸಿ. ಮುಂದಿನ ಫ್ಯಾನ್ ತಿರುಗಿಸಿ ಹಾಕಿ, ಬಯೋಸ್‌ನಲ್ಲಿ ವೋಲ್ಟೇಜ್ ಇಳಿಸಿ ವೇಗ ಇಳಿಸುವ ಡಿಸಿ ಮೋಡ್ ಮಾಡಿಕೊಡಿ. ಅರ್ಧ ಗಂಟೆ ರೆಂಡರ್ ಓಡಿಸಿ ನನ್ನೆದುರೇ ತೋರಿಸಿ ಹೋಗಲಿ. ವಾರಂಟಿ ಮುಂದುವರಿಯುತ್ತದೆ ಎಂದು ಬರಹದಲ್ಲಿ ಬೇಕು. ಕೊರಿಯರ್‌ನಲ್ಲಿ ಬೆಂಗಳೂರಿಗೆ ಕಳಿಸಿ ಅನ್ನಬೇಡಿ, ಮದುವೆ ಸೀಸನ್ ನಡೆಯುತ್ತಿದೆ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಊರಿನಲ್ಲೇ ಕೇಸ್ ಹಾಕಬಹುದು. ಬಿಲ್, ತಾಪಮಾನದ ಸ್ಕ್ರೀನ್‌ಶಾಟ್, ಅಲ್ಲಾಡುವ ಪಿನ್ನಿನ ವಿಡಿಯೊ ಜೊತೆಗಿವೆ. ಬೆಳಿಗ್ಗೆ ಹತ್ತರ ಮೇಲೆ ಯಾವಾಗ ಬೇಕಾದರೂ ಫೋನ್ ಮಾಡಿ.

ಇಂತಿ,
ನಿಮ್ಮ ಗ್ರಾಹಕ,
ರಾಯಚೂರು