2007ರ ನಕ್ಷೆ ಇಟ್ಕೊಂಡು ಇನ್ನೆಷ್ಟು ವರ್ಷ?

ಸಂಪಾದಕರಿಗೆ ನಮಸ್ಕಾರ,

ಬೆಂಗಳೂರಿನ ಮಾಸ್ಟರ್ ಪ್ಲಾನ್, ಅಂದ್ರೆ ಯಾವ ಜಾಗದಲ್ಲಿ ಏನು ಕಟ್ಬಹುದು ಅಂತ ಹೇಳೋ ನಕ್ಷೆ, ಅದರ ಬಗ್ಗೆ ನಾಲ್ಕು ಮಾತು. ನಾವಿನ್ನೂ ನೇತಾಡ್ತಿರೋದು 2015ರವರೆಗೆ ಅಂತ ಮಾಡಿದ ಪರಿಷ್ಕೃತ ಮಾಸ್ಟರ್ ಪ್ಲಾನ್, ಅಂದ್ರೆ ಆರ್‌ಎಂಪಿ 2015ಕ್ಕೆ, ಅದು ಜಾರಿಗೆ ಬಂದಿದ್ದು 2007ರಲ್ಲಿ, ಆಗ ನಮ್ಮ ಮೆಟ್ರೋದ ಒಂದು ಸ್ಟೇಷನ್ನೂ ಓಪನ್ ಆಗಿರಲಿಲ್ಲ, ಮೊದಲನೇ ರೈಲು ಓಡಿದ್ದೇ 2011ರಲ್ಲಿ. ಹತ್ತು ವರ್ಷಕ್ಕೊಂದ್ಸಲ ಪ್ಲಾನ್ ಪರಿಷ್ಕರಣೆ ಆಗ್ಬೇಕು ಅಂತ 1961ರ ನಗರ ಯೋಜನಾ ಕಾಯ್ದೆನೇ ಹೇಳುತ್ತೆ. 2031ರ ಡ್ರಾಫ್ಟು 2017ರ ನವೆಂಬರ್‌ನಲ್ಲಿ ಬಂತು, ಜನ ಸಾವಿರಾರು ಆಕ್ಷೇಪಣೆ ಹಾಕಿದ್ರು, ಕೊನೆಗೆ 2020ರಲ್ಲಿ ಅದನ್ನೇ ವಾಪಸ್ ತಗೊಂಡ್ರು. ಈಗ 2041 ಅಂತಿದಾರೆ.

ಪ್ಲಾನ್ ಬರ್ಲಿಲ್ಲ ಅಂತ ಊರೇನು ಸುಮ್ನೆ ಕೂತಿಲ್ಲ ನೋಡಿ. ನಮ್ಮ ಕಡೆ ಸೈಟ್ ತೋರ್ಸೋಕೆ ಬರೋ ಬ್ರೋಕರ್ ಕೈಯಲ್ಲಿ ಪ್ಲಾನ್ ನಕ್ಷೆಯ ಒಂದು ಕಲರ್ ಜೆರಾಕ್ಸ್ ಇರುತ್ತೆ, ನಾಲ್ಕು ಮಡಿಕೆ ಮಡಚಿ ಮಡಚಿ ಗೆರೆ ಮೇಲೆ ಬಣ್ಣನೇ ಹೋಗಿರುತ್ತೆ, ಬೆರಳಿಟ್ಟು "ಯೆಲ್ಲೋ ಝೋನ್ ಸಾರ್, ಮನೆ ಕಟ್ಟೋ ಜಾಗ, ಕಣ್ಮುಚ್ಕೊಂಡು ತಗೊಳ್ಳಿ" ಅಂತಾನೆ. ಅದೇ ಸರ್ವೆ ನಂಬರನ್ನ ಹಳೇ ಗ್ರಾಮ ನಕ್ಷೆಲಿ ನೋಡಿದ್ರೆ ಪಕ್ಕದಲ್ಲೇ ಮಳೆನೀರು ಹರಿಯೋ ರಾಜಕಾಲುವೆ! ಪ್ಲಾನ್ ಪ್ರಕಾರ ದೊಡ್ಡ ಕಾಲುವೆಗೆ 50 ಮೀಟರ್, ಆಮೇಲಿನವಕ್ಕೆ 25, 15 ಬಫರ್, ಅಂದ್ರೆ ಏನೂ ಕಟ್ಟದ ಜಾಗ, ಬಿಡ್ಬೇಕು ಸರಿ, ಆದ್ರೆ ಕಾಲುವೆ ಎಲ್ಲಿದೆ ಅನ್ನೋದೇ ಒಂದೊಂದು ನಕ್ಷೆಲಿ ಒಂದೊಂದು ಥರ ಇದ್ರೆ ಅಳೆಯೋದು ಎಲ್ಲಿಂದ? ಕೆರೆಗಳ ಕಥೆನೂ ಅಷ್ಟೇ, 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಅಂತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು, ಮತ್ತೆ ಹಳೇ 30ಕ್ಕೇ ಬಂದ್ವಿ. ಇದರ ಮಧ್ಯೆ ಸಾಲ ಮಾಡಿ ಸೈಟ್ ತಗೊಂಡೋರ ಗತಿ ಕೇಳೋರಿಲ್ಲ. 2022ರಲ್ಲಿ ಮಹದೇವಪುರ ಕಡೆ ನೀರು ನುಗ್ಗಿದಾಗ ಎಲ್ರೂ ಒತ್ತುವರಿ ಒತ್ತುವರಿ ಅಂದ್ರು, ಒತ್ತುವರಿ ಇದೆ ನಿಜ, ಆದ್ರೆ ಅಲ್ಲಿ ಕಟ್ಟೋಕೆ ಮಂಜೂರಾತಿ ಕೊಟ್ಟೋರು ಯಾರು ಸ್ವಾಮಿ?

ಇನ್ನೊಂದು ಬೇಜಾರು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ಅಂತ ಹೊರಟಿದಾರೆ, ಹೊಸ ಪ್ಲಾನೇ ಇನ್ನೂ ಕೈಗೆ ಬಂದಿಲ್ಲ. ಮದುವೆ ಮುಗಿಸಿ ಜಾತಕ ನೋಡಿದ ಹಾಗೆ. ರಸ್ತೆ ಬೇಕೋ ಬೇಡ್ವೋ ಅದು ಬೇರೆ ಚರ್ಚೆ, ಆದ್ರೆ ಪ್ರಾಜೆಕ್ಟ್‌ಗಳೆಲ್ಲ ಮೊದಲೇ ಫಿಕ್ಸ್ ಆದ್ಮೇಲೆ ಪ್ಲಾನ್ ಮಾಡೋರಿಗೆ ಉಳಿಯೋದು ಗೆರೆ ಎಳೆಯೋ ಕೆಲಸ ಮಾತ್ರ, ಅದಕ್ಕೆ ಜನರ ಅಭಿಪ್ರಾಯ ಯಾಕೆ ಕೇಳ್ಬೇಕು.

ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಪಾಲಿಕೆ ಐದಾಗಿದೆ. 2041ರ ಡ್ರಾಫ್ಟ್ ಬಿಡುವಾಗ ಓಪನ್ನೇ ಆಗದ ದಪ್ಪ ಪಿಡಿಎಫ್ ಹಾಕಿ ಕೈ ತೊಳ್ಕೋಬೇಡಿ ಅಂತ ಸಂಬಂಧಪಟ್ಟೋರಿಗೆ ನಿಮ್ಮ ಪತ್ರಿಕೆ ಮೂಲಕ ಕೇಳ್ಕೊಳ್ತೀನಿ. ಪ್ರತಿ ವಾರ್ಡ್ ಆಫೀಸಲ್ಲಿ ಆ ವಾರ್ಡಿನ ನಕ್ಷೆನ ಕನ್ನಡದಲ್ಲಿ, ಸರ್ವೆ ನಂಬರ್ ಸಮೇತ, ಗ್ರಾಮ ನಕ್ಷೆಯ ಕಾಲುವೆ ಗೆರೆನೂ ಅದರ ಮೇಲೇ ಹಾಕಿ ಗೋಡೆಗೆ ಅಂಟಿಸಿ. ಆಕ್ಷೇಪಣೆ ಬರ್ಕೊಳ್ಳೋಕೆ ಒಬ್ಬ ಗುಮಾಸ್ತರನ್ನೂ ಕೂರಿಸಿ, ಭಾನುವಾರನೂ.

– ಒಬ್ಬ ಓದುಗ, ಹೊರಮಾವು, ಬೆಂಗಳೂರು